ವರ್ಚುವಲ್ ಅಸಿಸ್ಟೆಂಟ್ ಆಗೋಕೆ ಯಾವ ದಾರಿ: ಏಜೆನ್ಸಿಯಾ, ಫೈವರ್ರಾ, ನೇರ ಗ್ರಾಹಕರಾ?

ವರ್ಷಗಟ್ಟಲೆ ಆಫೀಸಿನಲ್ಲಿ ಅಡ್ಮಿನ್ ಕೆಲಸ ಮಾಡಿದ್ದೀರಿ. ಈಗ ಅದನ್ನೇ ಮನೆಯಿಂದ, ಸ್ವಂತಕ್ಕೆ, ಅಂದರೆ ವರ್ಚುವಲ್ ಅಸಿಸ್ಟೆಂಟ್ ಆಗಿ ಮಾಡೋಣ ಅಂತಿದ್ದೀರಿ, ಅಲ್ವಾ?

ಮೊದಲು ದುಡ್ಡು. ಫೈವರ್ (Fiverr) ಅನ್ನೋ ಫ್ರೀಲ್ಯಾನ್ಸ್ ಕೆಲಸದ ವೆಬ್‌ಸೈಟ್ ಪ್ರತಿ ಆರ್ಡರಿನಲ್ಲೂ 20% ಹಿಡಿದುಕೊಳ್ಳುತ್ತದೆ. 1,000 ರೂಪಾಯಿ ಕೆಲಸ ಮಾಡಿದರೆ ಕೈಗೆ 800. ಹಣ ಬ್ಯಾಂಕಿಗೆ ತರಿಸುವ ಖರ್ಚು ಬೇರೆ. ಏಜೆನ್ಸಿಯಾದರೆ, ಅದು ಗ್ರಾಹಕರಿಂದ ಎಷ್ಟು ತಗೊಳ್ಳುತ್ತದೋ ನಿಮಗೆ ಗೊತ್ತೇ ಆಗದಿರಬಹುದು. ನೇರ ಗ್ರಾಹಕರಾದರೆ ಹಣ ಪೂರ್ತಿ ನಿಮ್ಮದು, ವಸೂಲಿಯ ತಲೆನೋವೂ ನಿಮ್ಮದೇ. ನನ್ನ ಮೊದಲ ಬಿಲ್ಲಿಗೆ ಮೂರು ತಿಂಗಳು ‘ನಾಳೆ ಹಾಕ್ತೀನಿ’ ಅನ್ನೋ ಉತ್ತರವೇ ಬಂತು. ಆಮೇಲೆ ಅರ್ಧ ಮುಂಗಡ ಇಲ್ಲದೆ ಕೆಲಸ ಮುಟ್ಟಿಲ್ಲ.

ಕೆಲಸ ಸಿಗೋದು ಏಜೆನ್ಸಿಯಲ್ಲಿ ಸುಲಭ, ಗ್ರಾಹಕರನ್ನು ಅವರೇ ಹುಡುಕುತ್ತಾರೆ. ಫೈವರ್‌ನಲ್ಲಿ ಮೊದಲ ನಾಲ್ಕೈದು ರಿವ್ಯೂ ಬರುವವರೆಗೆ ಸುಮ್ನೆ ಕಾಯಬೇಕು.

ಸಮಯದ ವಿಷಯ ಜಾಸ್ತಿ ಜನ ಯೋಚಿಸುವುದಿಲ್ಲ. ಗ್ರಾಹಕರು ಅಮೆರಿಕದವರಾದರೆ, ನ್ಯೂಯಾರ್ಕಿನ ಬೆಳಗ್ಗೆ 9 ಅಂದರೆ ನಮಗೆ ಅಲ್ಲಿನ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಮಕ್ಕಳ ಊಟದ ಹೊತ್ತಿಗೇ ವಿಡಿಯೋ ಕಾಲ್! ಏಜೆನ್ಸಿಯಲ್ಲಿ ಶಿಫ್ಟ್ ಅವರು ಹೇಳಿದ್ದೇ. ನೇರ ಗ್ರಾಹಕರ ಜೊತೆ ಮಾತಾಡಿ ಹೊಂದಿಸಿಕೊಳ್ಳಬಹುದು.

ಮನೆ ಸಾಲದ ಕಂತು ಇದ್ದು ಉಳಿತಾಯ ಕಡಿಮೆಯಿದ್ದರೆ ಏಜೆನ್ಸಿಯಿಂದ ಶುರು ಮಾಡಿ. ಈಗಿನ ಕೆಲಸ ಬಿಡದೆ ವಾರಾಂತ್ಯದಲ್ಲಿ ಪರೀಕ್ಷಿಸೋಕೆ ಫೈವರ್ ಸಾಕು. ಹಳೆಯ ಬಾಸ್, ಪರಿಚಯದ ಡಾಕ್ಟರು, ಆಡಿಟರು ಅಂತ ನಾಲ್ಕು ಜನ ನಿಮ್ಮ ಕೆಲಸ ಬಲ್ಲವರಿದ್ದರೆ ನೇರವಾಗಿ ಅವರಿಗೇ ಫೋನ್ ಮಾಡಿ.