ಡರಮ್‌ನ ಫುಲ್ ಫ್ರೇಮ್: ಹೊರಗಿನಿಂದ ಬಂದವರು ನೋಡಲೇಬೇಕಾದ ಡಾಕ್ಯುಮೆಂಟರಿ ಉತ್ಸವ

ಊರಿನಿಂದ ಅಮೆರಿಕಕ್ಕೆ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದರೆ ನಾವು ಅವರನ್ನು ಕರೆದುಕೊಂಡು ಹೋಗುವ ಜಾಗಗಳು ಎಲ್ಲರಿಗೂ ಗೊತ್ತು. ನಯಾಗರ, ವಾಷಿಂಗ್ಟನ್, ಒರ್ಲ್ಯಾಂಡೊ. ಅವರು ಇಲ್ಲಿರುವುದು ಏಪ್ರಿಲ್‌ನಲ್ಲಾದರೆ ನಾರ್ತ್ ಕ್ಯಾರೊಲೈನಾದ ಡರಮ್ ಊರನ್ನೂ ಸೇರಿಸಿಕೊಳ್ಳಿ. ಅಲ್ಲಿ ನಾಲ್ಕು ದಿನ ಫುಲ್ ಫ್ರೇಮ್ ಡಾಕ್ಯುಮೆಂಟರಿ ಫಿಲ್ಮ್ ಫೆಸ್ಟಿವಲ್ ನಡೆಯುತ್ತದೆ. ಬೇರೆ ದೇಶಗಳ ಚಿತ್ರಗಳೂ ಬರುತ್ತವೆ. ಆದರೆ ನಾನು ಹೋಗುವುದು ಅಮೆರಿಕದ ಚಿತ್ರಗಳಿಗೆ. ನಾನಿರುವುದು ಪಕ್ಕದ ಮಾರಿಸ್‌ವಿಲ್‌ನಲ್ಲಿ. ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿ, ತೆರಿಗೆ ಕಟ್ಟಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿದರೂ ಈ ದೇಶದ ಹೆಚ್ಚಿನ ಮನೆಗಳ ಒಳಗೆ ನಾನು ಕಾಲಿಟ್ಟಿಲ್ಲ. ನಮ್ಮಲ್ಲಿ ಬಹಳ ಜನರದ್ದು ಇದೇ ಕಥೆ, ಅಲ್ವಾ? ಆ ಮನೆಗಳ ಒಳಗೆ ನನ್ನನ್ನು ಕರೆದುಕೊಂಡು ಹೋದದ್ದು ಈ ಉತ್ಸವ.

ಇದನ್ನು 1998ರಲ್ಲಿ ಶುರು ಮಾಡಿದವರು ನ್ಯಾನ್ಸಿ ಬುಯರ್ಸ್ಕಿ. ಅದಕ್ಕೂ ಮೊದಲು ಅವರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಫೋಟೊ ಸಂಪಾದಕಿಯಾಗಿದ್ದರು. ಮೊದಲು ಇದರ ಹೆಸರು ಡಬಲ್‌ಟೇಕ್ ಅಂತ ಇತ್ತು, ಆಮೇಲೆ ಫುಲ್ ಫ್ರೇಮ್ ಆಯಿತು. ಬೆನ್ನ ಹಿಂದೆ ನಿಂತಿರುವುದು ಡ್ಯೂಕ್ ವಿಶ್ವವಿದ್ಯಾಲಯದ ಡಾಕ್ಯುಮೆಂಟರಿ ಅಧ್ಯಯನ ಕೇಂದ್ರ. 2020ರಲ್ಲಿ ಕೋವಿಡ್ ಬಂದು ಎಲ್ಲವೂ ಆನ್‌ಲೈನ್ ಆಯಿತು. ಥಿಯೇಟರ್‌ಗೆ ಮರಳಿದ್ದು 2024ರ ಏಪ್ರಿಲ್‌ನಲ್ಲಿ. ಮನೆಯ ಸೋಫಾದ ಮೇಲೆ ಕೂತು ಇಂಥ ಚಿತ್ರ ನೋಡಿದರೆ ಅರ್ಧಕ್ಕೆ ನಿಲ್ಲಿಸಿ ಪಾತ್ರೆ ತೊಳೆಯಲು ಎದ್ದುಬಿಡುತ್ತೇವೆ. ಥಿಯೇಟರ್‌ನಲ್ಲಿ ಏಳುವುದಿಲ್ಲ. ಡಾಕ್ಯುಮೆಂಟರಿಗೆ ಇದು ಬಹಳ ಮುಖ್ಯ.

ಥಿಯೇಟರ್ ಬಗ್ಗೆ ಹೇಳಲೇಬೇಕು. ಉತ್ಸವದ ಮುಖ್ಯ ಜಾಗ ಕ್ಯಾರೊಲೈನಾ ಥಿಯೇಟರ್. 1926ರಲ್ಲಿ ತೆರೆದದ್ದು. ಅದರ ದೊಡ್ಡ ಹಾಲ್ ಫ್ಲೆಚರ್ ಹಾಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಸೀಟುಗಳಿವೆ. ಒಳಗೆ ಹೋದರೆ ತಲೆ ಎತ್ತಿ ಮೇಲಿನ ಬಾಲ್ಕನಿಗಳನ್ನು ನೋಡಿ. ಅದರಲ್ಲಿ ಎಲ್ಲಕ್ಕಿಂತ ಮೇಲಿನದರಲ್ಲಿ ಮಾತ್ರ ಒಂದು ಕಾಲದಲ್ಲಿ ಕಪ್ಪು ಜನ ಕೂರಬೇಕಿತ್ತು. ಅವರಿಗೆ ಬೇರೆ ಬಾಗಿಲು, ಬೇರೆ ಟಿಕೆಟ್ ಕಿಟಕಿ. 1960ರ ದಶಕದ ಮೊದಲ ವರ್ಷಗಳಲ್ಲಿ ಊರಿನ ಹುಡುಗ ಹುಡುಗಿಯರು ಇದರ ವಿರುದ್ಧ ನಿಂತರು. ಅವರು ಮಾಡಿದ್ದು ಇಷ್ಟೇ. ಬಿಳಿಯರ ಟಿಕೆಟ್ ಕಿಟಕಿಯ ಮುಂದೆ ಕ್ಯೂ ನಿಂತರು. ಟಿಕೆಟ್ ಕೊಡಲ್ಲ ಅಂದರೆ ವಾಪಸ್ ಹೋಗಿ ಕ್ಯೂನ ಕೊನೆಗೆ ನಿಂತರು. ಮತ್ತೆ ಕೇಳಿದರು, ಮತ್ತೆ ಇಲ್ಲ ಎನಿಸಿಕೊಂಡರು, ಮತ್ತೆ ಹಿಂದೆ ಹೋಗಿ ನಿಂತರು. 1963ರಲ್ಲಿ ಥಿಯೇಟರ್ ಎಲ್ಲರಿಗೂ ತೆರೆಯಿತು. ಈಗ ಅದೇ ಹಾಲ್‌ನಲ್ಲಿ ಕಪ್ಪು ನಿರ್ದೇಶಕರು ವೇದಿಕೆ ಮೇಲೆ ಕೂತು ತಮ್ಮ ಚಿತ್ರದ ಬಗ್ಗೆ ಮಾತಾಡುತ್ತಾರೆ. ನಾನು ಬಣ್ಣದ ತಾರತಮ್ಯದ ಬಗ್ಗೆ ಎಷ್ಟೋ ಓದಿದ್ದೆ. ಆ ಬಾಲ್ಕನಿಯನ್ನು ಕಣ್ಣಾರೆ ಕಂಡ ಮೇಲೆ ಓದಿದ್ದೆಲ್ಲ ಬೇರೆಯೇ ಆಯಿತು.

ಇನ್ನು ಚಿತ್ರಗಳು. 2017ರಲ್ಲಿ ಇಲ್ಲಿ ದೊಡ್ಡ ಪ್ರಶಸ್ತಿ ಪಡೆದದ್ದು 'ಕ್ವೆಸ್ಟ್'. ಫಿಲಡೆಲ್ಫಿಯಾದ ಉತ್ತರ ಭಾಗದ ಒಂದು ಕಪ್ಪು ಕುಟುಂಬದ ಜೊತೆ ಜೊನಾಥನ್ ಓಲ್ಶೆಫ್ಸ್ಕಿ ಹೆಚ್ಚುಕಡಿಮೆ ಹತ್ತು ವರ್ಷ ಕ್ಯಾಮೆರಾ ಹಿಡಿದು ಓಡಾಡಿ ಮಾಡಿದ ಚಿತ್ರ. ಅಪ್ಪ ಮನೆಯ ನೆಲಮಾಳಿಗೆಯಲ್ಲಿ ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದಾನೆ. ಅಕ್ಕಪಕ್ಕದ ಹುಡುಗರು ಬಂದು ಹಾಡು ರೆಕಾರ್ಡ್ ಮಾಡುತ್ತಾರೆ. ಮಗಳು ನಮ್ಮ ಕಣ್ಣೆದುರೇ ದೊಡ್ಡವಳಾಗುತ್ತಾಳೆ. ಒಂದು ದಿನ ಎಲ್ಲಿಂದಲೋ ಹಾರಿ ಬಂದ ಗುಂಡು ತಗುಲಿ ಅವಳ ಒಂದು ಕಣ್ಣು ಹೋಗುತ್ತದೆ. ಟಿವಿ ಸುದ್ದಿಯಲ್ಲಾದರೆ ಇದು ಅರ್ಧ ನಿಮಿಷದ ವಿಷಯ. ಇಲ್ಲಿ ಆ ಹುಡುಗಿ ನಮಗೆ ಆಗಲೇ ಗೊತ್ತು. ಅವಳು ಡ್ರಮ್ ಬಾರಿಸುವುದು ಗೊತ್ತು, ಅಪ್ಪನ ಜೊತೆ ಮಾತಾಡುವ ರೀತಿ ಗೊತ್ತು. ಮತ್ತೆ ಆ ಕುಟುಂಬ ಅಲ್ಲಿಗೆ ಮುಗಿದುಹೋಗುವುದಿಲ್ಲ. ಹೋಮ್‌ವರ್ಕ್, ಅಡುಗೆ, ಜಗಳ, ಹಾಡು ಎಲ್ಲ ಮುಂದುವರಿಯುತ್ತವೆ. ಹತ್ತು ವರ್ಷ ಕಾದವರಿಗೆ ಮಾತ್ರ ಸಿಗುವಂಥದ್ದು ಅದು.

ಥಿಯೇಟರ್‌ನ ಉತ್ಸವ ಮತ್ತೆ ಶುರುವಾದ ಮೇಲೆ ಒಂದು ವರ್ಷ ನಮ್ಮ ಮಾವನವರನ್ನು ಕರೆದುಕೊಂಡು ಹೋದೆ. ಅವರು ಅರಸೀಕೆರೆ ಕಡೆಯ ರೈತರು. ತೆಂಗಿನ ತೋಟ, ಒಂದಿಷ್ಟು ಹಸು. ಜೀವನವಿಡೀ ಬೆಳಗ್ಗೆ ಡೈರಿಗೆ ಹಾಲು ಹಾಕಿದವರು. ನಾನು ಅವರಿಗೆಂದೇ ಹುಡುಕಿ ತೆಗೆದದ್ದು ಒಂದು ಹೈನುಗಾರ ಕುಟುಂಬದ ಚಿತ್ರ. ಮೂರು ತಲೆಮಾರಿನ ಫಾರ್ಮ್, ಸಾಲ ಏರುತ್ತಾ ಹೋಗುತ್ತದೆ, ಕೊನೆಗೆ ಹಸುಗಳ ಹರಾಜು. ಇಂಗ್ಲಿಷ್ ಮಾತು ಅವರಿಗೆ ಅಷ್ಟಕ್ಕಷ್ಟೆ. ನಡುನಡುವೆ ಕಿವಿಯಲ್ಲಿ ಹೇಳೋಣ ಅಂತ ನಾನು ಪಕ್ಕಕ್ಕೆ ವಾಲಿದರೆ, ಸುಮ್ನಿರಮ್ಮ ಅನ್ನುವಂತೆ ಕೈ ಅಡ್ಡ ಹಿಡಿದರು. ಕೊಟ್ಟಿಗೆಯ ದೃಶ್ಯಗಳಲ್ಲಿ ಅವರಿಗೆ ನನ್ನ ಸಹಾಯ ಬೇಕಿರಲಿಲ್ಲ. ಒಂದು ಹಸುವಿನ ನಡಿಗೆ ನೋಡಿಯೇ ಅದಕ್ಕೆ ಗೊರಸಿನ ತೊಂದರೆ ಇದೆ ಅಂದರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಡಾಕ್ಟರ್ ಬಂದು ಅದರ ಕಾಲನ್ನೇ ಎತ್ತಿ ಹಿಡಿದರು.

ಚಿತ್ರ ಮುಗಿದ ಮೇಲೆ ನಿರ್ದೇಶಕಿ ಮೈಕ್ ಹಿಡಿದು ಬಂದರು. ಫುಲ್ ಫ್ರೇಮ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇದೇ. ಚಿತ್ರ ಮಾಡಿದವರು ಎದುರಿಗಿರುತ್ತಾರೆ. ಎಷ್ಟೋ ಸಲ ಚಿತ್ರದಲ್ಲಿ ಕಂಡ ಜನರೂ ಬಂದಿರುತ್ತಾರೆ. ಮಾವ ನನ್ನ ಕೈಯಲ್ಲಿ ಕೇಳಿಸಿದರು: ಲೀಟರಿಗೆ ಎಷ್ಟು ಕೊಡುತ್ತಾರೆ, ಆ ದರ ಯಾರು ನಿಗದಿ ಮಾಡುತ್ತಾರೆ? ಹಾಲ್‌ನಲ್ಲಿ ಕೆಲವರು ತಿರುಗಿ ನೋಡಿದರು. ನಿರ್ದೇಶಕಿಗೆ ಮಾತ್ರ ಬಹಳ ಖುಷಿಯಾಯಿತು. ಇಲ್ಲಿ ಲೀಟರಿನ ಲೆಕ್ಕವಿಲ್ಲ, ನೂರು ಪೌಂಡ್ ಹಾಲಿಗೆ ಇಷ್ಟು ಅಂತ ದರ, ರೈತನ ಕೈಯಲ್ಲಿ ದರವಿಲ್ಲ ಅಂತ ಬಿಡಿಸಿ ಹೇಳಿದರು. ನೂರು ಪೌಂಡ್ ಅಂದರೆ ಸುಮಾರು 45 ಕೆಜಿ. ಮನೆಗೆ ಬಂದ ಮೇಲೆ ಮಾವ ಕಾಗದದ ಮೇಲೆ ಲೆಕ್ಕ ಹಾಕುತ್ತಾ ಕೂತರು. ನಾನು ಸರ್ಕಾರದ ಅಂಕಿಗಳನ್ನು ಹುಡುಕಿ ತೋರಿಸಿದೆ. 2003ರಲ್ಲಿ ಈ ದೇಶದಲ್ಲಿ 70,000ಕ್ಕೂ ಹೆಚ್ಚು ಹಾಲಿನ ಫಾರ್ಮ್‌ಗಳಿದ್ದವು. 2023ರ ಹೊತ್ತಿಗೆ 27,000 ಕೂಡ ಇರಲಿಲ್ಲ.

ಆಗ ಅವರು ಒಂದು ಹಳೆಯ ವಿಷಯ ಹೇಳಿದರು. ಅವರು ಸಣ್ಣ ಹುಡುಗನಾಗಿದ್ದಾಗ ಊರಿನ ಶಾಲೆಯ ಬಯಲಿಗೆ ವ್ಯಾನ್ ಒಂದು ಬರುತ್ತಿತ್ತಂತೆ. ಬಿಳಿ ಪರದೆ ಕಟ್ಟಿ ಅಮೆರಿಕದ ಚಿತ್ರ ತೋರಿಸುತ್ತಿದ್ದರಂತೆ. ಅದು ಅಮೆರಿಕ ಸರ್ಕಾರದ ಮಾಹಿತಿ ಸೇವೆಯ ವ್ಯಾನ್. ನಮ್ಮ ಕಡೆಯ ಹಿರಿಯರು ಯುಎಸ್‌ಐಎಸ್ ಅಂದರೆ ಈಗಲೂ ಗುರುತು ಹಿಡಿಯುತ್ತಾರೆ. “ಆಗ ದೊಡ್ಡ ದೊಡ್ಡ ಟ್ರ್ಯಾಕ್ಟರು ತೋರ್ಸೋರು ಕಣಮ್ಮ. ಅದ್ರ ಸಾಲ ಯಾರು ಕಟ್ತಾರೆ ಅಂತ ಒಬ್ರೂ ಹೇಳ್ಲಿಲ್ಲ” ಅಂದರು.

ಆ ಮಾತು ಕೇಳಿದ ಮೇಲೆ ನಾನು ಆ ಕಾಲದ ಚಿತ್ರಗಳ ಬಗ್ಗೆ ಸ್ವಲ್ಪ ಓದಿದೆ. ಹೊರದೇಶದವರಿಗೆಂದು ಸರ್ಕಾರದ ದುಡ್ಡಿನಲ್ಲಿ ಮಾಡಿದ ಚಿತ್ರಗಳವು. 1948ರ ಸ್ಮಿತ್-ಮುಂಟ್ ಕಾಯ್ದೆಯಿಂದಾಗಿ ಅವನ್ನು ಅಮೆರಿಕದೊಳಗೆ ಸಾರ್ವಜನಿಕರಿಗೆ ತೋರಿಸುವಂತಿರಲಿಲ್ಲ. ಸರ್ಕಾರ ತನ್ನ ಜನರ ಮೇಲೇ ಪ್ರಚಾರ ಮಾಡಬಾರದು ಅನ್ನುವುದು ಕಾರಣ. ಹಾಗಂತ ಅವೆಲ್ಲ ಬರೀ ಟ್ರ್ಯಾಕ್ಟರ್ ಚಿತ್ರಗಳೂ ಅಲ್ಲ. 1963ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದ ಆ ದೊಡ್ಡ ಮೆರವಣಿಗೆ ಇತ್ತಲ್ಲ, ಅದರ ಮೇಲೆ ಜೇಮ್ಸ್ ಬ್ಲೂ 'ದ ಮಾರ್ಚ್' ಅಂತ ಚಿತ್ರ ಮಾಡಿದರು. ಸರ್ಕಾರದ ದುಡ್ಡಿನಲ್ಲೇ. ಬೇರೆ ದೇಶಗಳ ಜನ ಅದನ್ನು 1960ರ ದಶಕದಲ್ಲೇ ನೋಡಿದರು. ಆ ಮೆರವಣಿಗೆಯಲ್ಲಿ ನಡೆದ ಜನರ ಊರುಗಳಲ್ಲಿ ಅದನ್ನು ತೋರಿಸುವ ಹಾಗಿರಲಿಲ್ಲ. 2008ರಲ್ಲಿ ಅದನ್ನು ಕಾಪಾಡಿ ಇಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಆಮೇಲಿನ ಕಾಲದಲ್ಲಿ ವಿದೇಶಾಂಗ ಇಲಾಖೆ ದಾರಿ ಬದಲಿಸಿತು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿನಿಮಾ ಶಾಲೆಯ ಜೊತೆ ಸೇರಿ ಅಮೆರಿಕನ್ ಫಿಲ್ಮ್ ಶೋಕೇಸ್ ಅನ್ನುವ ಕಾರ್ಯಕ್ರಮ ಮಾಡಿ, ಸ್ವತಂತ್ರ ನಿರ್ದೇಶಕರ ಚಿತ್ರಗಳನ್ನೇ ಆರಿಸಿ, ಅವರನ್ನೂ ಜೊತೆಗೆ ಬೇರೆ ದೇಶಗಳಿಗೆ ಕಳಿಸಿತು. ಅದು ಒಳ್ಳೆಯ ಬದಲಾವಣೆ. ಆದರೂ ನನ್ನನ್ನು ಕೇಳಿದರೆ, ನಮಗಾಗಿ ಆರಿಸಿ ಕಳಿಸಿದ್ದಕ್ಕಿಂತ ಅವರು ತಮಗೋಸ್ಕರ ಮಾಡಿಕೊಂಡ ಚಿತ್ರವನ್ನು ಅವರ ನಡುವೆಯೇ ಕೂತು ನೋಡುವುದು ಮೇಲು. ಹಾಲ್‌ನಲ್ಲಿ ಯಾವ ಮಾತಿಗೆ ನಗುತ್ತಾರೆ, ಯಾವಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ ಅನ್ನುವುದೂ ಅರ್ಧ ಚಿತ್ರ.

ಇದರಲ್ಲೇ ಒಂದು ಕಷ್ಟವೂ ಇದೆ. ತಮ್ಮವರಿಗೆಂದು ಮಾಡಿದ ಚಿತ್ರವಾದ್ದರಿಂದ ಯಾರೂ ನಿಂತು ವಿವರಿಸುವುದಿಲ್ಲ. ಸರ್ಕಾರದ ಆರೋಗ್ಯ ವಿಮೆಗಳಲ್ಲಿ ಮೆಡಿಕೇಡ್ ಮುಖ್ಯವಾಗಿ ಬಡವರಿಗೆ, ಮೆಡಿಕೇರ್ ಮುಖ್ಯವಾಗಿ ವಯಸ್ಸಾದವರಿಗೆ, ಕೌಂಟಿ ಶೆರಿಫ್ ಅಂದರೆ ಜಿಲ್ಲೆಯಂಥ ಕೌಂಟಿಗೆ ಸಾಮಾನ್ಯವಾಗಿ ಜನ ವೋಟು ಹಾಕಿ ಆರಿಸುವ ಪೊಲೀಸ್ ಅಧಿಕಾರಿ, ಸ್ಕೂಲಿನ ದುಡ್ಡಿನ ಒಂದು ಪಾಲು ಮನೆ ತೆರಿಗೆಯಿಂದ ಬರುತ್ತದೆ: ಇಷ್ಟು ಗೊತ್ತಿಲ್ಲದಿದ್ದರೆ ಕೆಲವು ಚಿತ್ರಗಳ ಜಗಳ ಏನೆಂದೇ ಹೊಳೆಯುವುದಿಲ್ಲ. ಹೋಗುವ ಮುಂಚೆ ಮನೆಯ ಹಿರಿಯರಿಗೆ ಕಾರಿನಲ್ಲೇ ಐದು ನಿಮಿಷ ಹೇಳಿಬಿಡಿ. ದಕ್ಷಿಣದ ಹಳ್ಳಿಗಾಡಿನ ಮಾತಿನ ಧಾಟಿ ನನಗೇ ಈಗಲೂ ಕಷ್ಟ. ಎಲ್ಲ ಚಿತ್ರಕ್ಕೂ ಪರದೆಯ ಮೇಲೆ ಅಕ್ಷರ ಇರುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಇನ್ನೊಂದು ಮಾತು. ದಿನಕ್ಕೆ ನಾಲ್ಕೈದು ಚಿತ್ರ ನೋಡುವವರನ್ನು ಕಂಡಿದ್ದೇನೆ. ನನ್ನ ಕೈಲಾಗದು. ಜೈಲು, ಔಷಧದ ಚಟ, ಮುಚ್ಚಿದ ಕಾರ್ಖಾನೆ ಒಂದರ ಹಿಂದೆ ಒಂದು ಬಂದರೆ ಮೂರನೆಯ ಚಿತ್ರದ ಜನರಿಗೆ ಕೊಡಲು ನಮ್ಮ ಮನಸ್ಸಿನಲ್ಲಿ ಏನೂ ಉಳಿದಿರುವುದಿಲ್ಲ. ಅದು ಆ ಚಿತ್ರದ ಜನರಿಗೆ ಅನ್ಯಾಯ. ಎರಡು ಸಾಕು. ನಡುವೆ ಹೊರಗೆ ಬಂದು ಕೂರಿ. ಥಿಯೇಟರ್ ಮತ್ತು ಕನ್ವೆನ್ಷನ್ ಸೆಂಟರ್ ಪಕ್ಕಪಕ್ಕದಲ್ಲೇ ಇವೆ, ನಡುವಿನ ಬಯಲಿನಲ್ಲಿ ಎಲ್ಲರೂ ಓಡಾಡುತ್ತಿರುತ್ತಾರೆ. ಈಗಷ್ಟೇ ನೋಡಿದ ಚಿತ್ರದ ಎಡಿಟರ್ ಪಕ್ಕದಲ್ಲೇ ಕಾಫಿ ಹಿಡಿದು ನಿಂತಿರಬಹುದು. ಮಾತಾಡಿಸಿ, ಚೆನ್ನಾಗಿ ಮಾತಾಡುತ್ತಾರೆ.

ಟಿಕೆಟ್ ವಿಷಯ. ಪಾಸ್ ತೆಗೆದುಕೊಳ್ಳುವುದು ದಿನವಿಡೀ ಇರುವವರಿಗೆ ಮಾತ್ರ ಗಿಟ್ಟುತ್ತದೆ. ಒಂದೆರಡು ಚಿತ್ರಕ್ಕಾದರೆ ಬಿಡಿ ಟಿಕೆಟ್ ಸಾಕು. ಬೇಕಾದ ಶೋ ತುಂಬಿದ್ದರೆ ಬೇಸರ ಬೇಡ, ಲಾಸ್ಟ್ ಮಿನಿಟ್ ಲೈನ್ ಅಂತ ಒಂದು ಕ್ಯೂ ಇದೆ. ಶೋಗೆ ಸ್ವಲ್ಪ ಮುಂಚೆ ಉಳಿದ ಸೀಟುಗಳನ್ನು ಆ ಕ್ಯೂಗೆ ಕೊಡುತ್ತಾರೆ. ಬೇಗ ಹೋಗಿ ನಿಂತರೆ ಸಿಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಆ ಕ್ಯೂನಲ್ಲಿ ನಿಂತವರು ಯಾವ ಚಿತ್ರ ನೋಡಬೇಕು, ಯಾವುದು ಬಿಡಬಹುದು ಅಂತ ಹೇಳುವ ಮಾತು ಯಾವ ವಿಮರ್ಶೆಗೂ ಕಡಿಮೆಯಿಲ್ಲ.

ಭಾನುವಾರದ ಪ್ರಶಸ್ತಿ ಸಮಾರಂಭ ಬಾರ್ಬೆಕ್ಯೂ ಊಟದ ಜೊತೆ ನಡೆಯುತ್ತದೆ. ಈ ರಾಜ್ಯದಲ್ಲಿ ಬಾರ್ಬೆಕ್ಯೂ ಅಂದರೆ ಹಂದಿ ಮಾಂಸ. ನಮ್ಮಂಥ ಸಸ್ಯಾಹಾರಿಗಳು ಮನೆಯಿಂದ ಪುಳಿಯೋಗರೆ ಡಬ್ಬಿ ತೆಗೆದುಕೊಂಡು ಹೋಗುವುದು ಒಳ್ಳೆಯದು. ಪೈನ್ ಮರದ ಹಳದಿ ಪರಾಗ ಊರೆಲ್ಲ ಹಾರುವ ಕಾಲ ಅದು. ಅಲರ್ಜಿ ಇರುವವರು ಮಾತ್ರೆ ಮರೆಯಬೇಡಿ. ಸಣ್ಣ ಮಕ್ಕಳನ್ನು ಕರೆತರಬೇಡಿ. ಹೈಸ್ಕೂಲ್ ಮಕ್ಕಳನ್ನು ಖಂಡಿತ ಕರೆತನ್ನಿ, ಅವರ ಸ್ಕೂಲಿನ ಇತಿಹಾಸದ ಪುಸ್ತಕಕ್ಕಿಂತ ಜಾಸ್ತಿ ಇಲ್ಲಿ ಸಿಗುತ್ತದೆ. ವಯಸ್ಸಾದವರಿಗೆ ಒಂದೇ ಸಮನೆ ಎರಡು ಗಂಟೆ ಕೂರುವುದು ಕಷ್ಟವಾದರೆ ಕಿರುಚಿತ್ರಗಳ ಶೋ ಆರಿಸಿಕೊಳ್ಳಿ. ಇಲ್ಲಿ ಕಿರುಚಿತ್ರ ವಿಭಾಗದಲ್ಲಿ ಗೆದ್ದದ್ದು ಆಸ್ಕರ್ ಸ್ಪರ್ಧೆಗೆ ಹೋಗುವ ಅರ್ಹತೆ ಪಡೆಯುತ್ತದೆ, ಹಾಗಾಗಿ ಒಳ್ಳೊಳ್ಳೆಯವೇ ಬರುತ್ತವೆ. ನಮ್ಮ ಅತ್ತೆಗೆ ಮಂಡಿ ನೋವು. ಮುಂದಿನ ಸಲ ಅವರಿಗೂ ಇದೇ ಶೋಗೆ, ಮೆಟ್ಟಿಲ ಪಕ್ಕದ ಸೀಟು.