‘ಕೇಡು’ ಪದದ ಜಾಡಿನಲ್ಲಿ ಕಿಟೆಲ್ ನಿಘಂಟು

ಬಳ್ಳಾರಿಯ ಪುಸ್ತಕದಂಗಡಿಯೊಂದರಲ್ಲಿ ಕೊಂಡ, ಜರ್ಮನ್ ಪಾದ್ರಿ ಫರ್ಡಿನಾಂಡ್ ಕಿಟೆಲ್ ರಚಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನ ಮರುಮುದ್ರಣವನ್ನು ಕನ್ನಡ ಪಾಠ ಹೇಳುವವರ ಅಗತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಪರಿಶೀಲಿಸಿದ್ದೇನೆ. 1894ರಲ್ಲಿ ಮಂಗಳೂರಿನಲ್ಲಿ ಬೆಳಕು ಕಂಡ ಈ ಕೃತಿಯ ಯೋಗ್ಯತೆಯನ್ನು ಅಳೆಯಲು ದುಷ್ಟತನವನ್ನು ಸೂಚಿಸುವ ‘ಕೇಡು’ ಎಂಬ ಒಂದೇ ಪದ ಸಾಕು.

ದುಷ್ಟ, ಖಳ, ಪಾತಕ ಇವೆಲ್ಲ ಸಂಸ್ಕೃತದಿಂದ ಬಂದವು. ಕೇಡು ಅಚ್ಚಗನ್ನಡದ ಮಾತು. ಬಿಡು ಎಂಬುದು ಬೀಡು ಆದಂತೆ, ಪಡು ಎಂಬುದು ಪಾಡು ಆದಂತೆ, ಕೆಡು ಎಂಬ ಕ್ರಿಯೆಯ ಮೊದಲ ಸ್ವರ ದೀರ್ಘವಾಗಿ ಈ ನಾಮಪದ ಹುಟ್ಟಿದೆ. ಕಿಟೆಲ್ ಕನ್ನಡ ಪದಗಳ ಪಕ್ಕದಲ್ಲಿ ಸೋದರ ಭಾಷೆಗಳ ರೂಪಗಳನ್ನೂ ಕೊಡುವುದರಿಂದ, ಮನೆಯಲ್ಲಿ ತೆಲುಗು ಆಡುವ ಬಳ್ಳಾರಿಯ ಮಕ್ಕಳಿಗೆ ಕಿವಿ–ಚೆವಿ, ಕೆಡು–ಚೆಡು ಎಂಬ ಜೋಡಿಗಳನ್ನು ತೋರಿಸಿ ಪಾಠ ಮಾಡುವುದು ಬಹಳ ಸುಲಭವಾಗುತ್ತದೆ.

ಮೂಲದಲ್ಲಿ ಕೇಡು ಎಂದರೆ ನಾಶ, ಹಾನಿ. ಮನುಷ್ಯನ ಕೆಟ್ಟತನ ಎಂಬ ಅರ್ಥ ಅದರ ಮೇಲೆ ಬೆಳೆದದ್ದು. ಅಕ್ಕಮಹಾದೇವಿ ‘ಸಾವಿಲ್ಲದ ಕೇಡಿಲ್ಲದ’ ಚೆಲುವನಿಗೆ ಒಲಿದೆನೆಂದಾಗ ಅವನು ಸಜ್ಜನನೆಂದಷ್ಟೇ ಹೇಳುತ್ತಿಲ್ಲ, ಅಳಿವೇ ಇಲ್ಲದವನೆನ್ನುತ್ತಾಳೆ; ಅದೇ ವಚನದ ಕೊನೆಗೆ ‘ಸಾವ ಕೆಡುವ ಗಂಡರ’ನ್ನು ಒಲೆಯೊಳಗಿಕ್ಕು ಎಂದು ತಾಯಿಗೆ ಹೇಳುವಲ್ಲಿ ಕ್ರಿಯಾರೂಪವನ್ನೇ ಬಳಸಿ ಎರಡನ್ನೂ ಎದುರುಬದುರು ನಿಲ್ಲಿಸುತ್ತಾಳೆ. ಇದನ್ನು ಗಮನಿಸದೆ ಕೇಡು ಎಂದರೆ ದುಷ್ಟತನ ಎಂದಷ್ಟೇ ಬರೆಸಿಬಿಡುವ ಮಾರ್ಗದರ್ಶಿ ಪುಸ್ತಕಗಳು ಮಕ್ಕಳಿಗೆ ಅನ್ಯಾಯ ಮಾಡುತ್ತವೆ. ‘ಕೇಡು ಬಗೆ’ ಎಂದಾಗ ಮಾತ್ರ, ಹಾನಿಯನ್ನು ಮನಸ್ಸಿನಲ್ಲಿ ಎಣಿಸುವ ಒಬ್ಬನು ಕಾಣಿಸಿಕೊಳ್ಳುತ್ತಾನೆ. ಕೇಡಿಗ ಎಂಬ ಪದ ಅಂಥವನಿಗೇ ಸಲ್ಲುತ್ತದೆ.

ಕಿಟೆಲ್ ಕಾವ್ಯದ ಸಾಲುಗಳ ಜೊತೆಗೆ ಗಾದೆಗಳನ್ನೂ ಪ್ರಯೋಗವೆಂದು ಉದಾಹರಿಸಿರುವುದು ನನಗೆ ಅತ್ಯಂತ ಪ್ರಿಯವಾದ ಗುಣ. ಆದರೆ ಅರ್ಥವಿವರಣೆ ಇಂಗ್ಲಿಷಿನಲ್ಲಿರುವುದರಿಂದ ಎಲ್ಲ ಓದುಗರಿಗೂ ಇದು ದಕ್ಕುವುದಿಲ್ಲ. ಆಕರಗಳ ಸಂಕ್ಷೇಪಾಕ್ಷರಗಳಿಗಾಗಿ ಪದೇ ಪದೇ ಮೊದಲ ಪುಟಗಳಿಗೆ ಮರಳಬೇಕಾಗುತ್ತದೆ. ನನಗೆ ಸಿಕ್ಕ ಪ್ರತಿಯಲ್ಲಿ ಕೆಲವು ಪುಟಗಳ ಅಚ್ಚು ಮಸುಕಾಗಿದೆ; ಒತ್ತಕ್ಷರಗಳನ್ನು ಓದಲು ಭೂತಗನ್ನಡಿ ಬೇಕಾಯಿತು.

ಕನ್ನಡದಲ್ಲೇ ಅರ್ಥ ಬೇಕೆನ್ನುವವರು ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟನ್ನು ನೋಡುವುದು ಒಳ್ಳೆಯದು. ನಮ್ಮ ಭಾಗದ ಪ್ರೌಢಶಾಲೆಗಳ ಗ್ರಂಥಾಲಯಗಳಲ್ಲಿ ಎರಡೂ ಇರಲಿ. ಕಿಟೆಲ್ ಕೊಳ್ಳುವವರು ಮಾತ್ರ ಅಂಗಡಿಯಲ್ಲೇ ನಾಲ್ಕಾರು ಕಡೆ ಪುಟ ತೆರೆದು, ಅಚ್ಚು ಸ್ಪಷ್ಟವಾಗಿದೆಯೇ ಎಂದು ನೋಡಿಕೊಂಡೇ ಹಣ ಕೊಡಬೇಕು.