ಹತ್ತಿಯ ಚೀಲವೋ, ಪಾಲಿಪ್ರೊಪಿಲೀನ್ ಚೀಲವೋ?

ತೆಳು ಪ್ಲಾಸ್ಟಿಕ್ ಚೀಲವನ್ನು ಬಿಡಲು ನಿರ್ಧರಿಸಿದವರಿಗೆ ಹತ್ತಿಯ ಚೀಲವೇ ಸಹಜ ಆಯ್ಕೆಯೆಂದು ತೋರುತ್ತದೆ. ಆದರೆ ಹತ್ತಿ ಬೆಳೆಯಲು ಬೇಕಾಗುವ ನೀರು, ಗೊಬ್ಬರ ಮತ್ತು ನೇಯ್ಗೆಗೆ ತಗಲುವ ಶಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಬದಲಾಗುತ್ತದೆ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ಮೇಲಿನ ಹೊರೆ ಕಡಿಮೆಯಾಗಬೇಕಾದರೆ ಹತ್ತಿಯ ಚೀಲವನ್ನು 131 ಬಾರಿ, ಪಾಲಿಪ್ರೊಪಿಲೀನ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಚೀಲವನ್ನು 11 ಬಾರಿಯಾದರೂ ಬಳಸಬೇಕು. ಪಾಲಿಪ್ರೊಪಿಲೀನ್ ಹಗುರವೂ ಗಟ್ಟಿಯೂ ಹೌದು, ಆದರೆ ಹರಿದ ಮೇಲೆ ಮಣ್ಣಿನಲ್ಲಿ ಕರಗದೆ ಸೂಕ್ಷ್ಮ ಕಣಗಳಾಗಿ ಉಳಿಯುತ್ತದೆ. ಹತ್ತಿಯದನ್ನು ಒಗೆಯಬಹುದು, ಹೊಲಿಯಬಹುದು, ಕೊನೆಗೆ ಅದು ಮಣ್ಣಾಗುತ್ತದೆ. ವರ್ಷಗಟ್ಟಲೆ ಒಂದೇ ಚೀಲವನ್ನು ಒಯ್ಯುವ ಶಿಸ್ತುಳ್ಳವರು ಹತ್ತಿಯನ್ನು ಆರಿಸಲಿ. ಆಗಾಗ ಮರೆತು ಹೊಸದನ್ನು ಕೊಳ್ಳುವವರಿಗೆ (ನಮ್ಮಲ್ಲಿ ಬಹುತೇಕರು ಇಂಥವರೇ) ಪಾಲಿಪ್ರೊಪಿಲೀನ್ ಹೆಚ್ಚು ಸೂಕ್ತ. ಮನೆಯಲ್ಲಿ ಈಗಾಗಲೇ ಗಟ್ಟಿಯಾದ ಚೀಲವಿದ್ದರೆ ಎರಡರಲ್ಲಿ ಯಾವುದನ್ನೂ ಕೊಳ್ಳಬೇಕಿಲ್ಲ.